ಹಸಿರು ಗಾಡಿಯ ಕೆಂಪು ದೀಪ

ಬ್ರೇಕ್ ಒತ್ತಿದರೆ ಹಿಂದಿನ ಕೆಂಪು ದೀಪ ಉರಿಯಬೇಕು. ಇದೇನು ದೊಡ್ಡ ವಿದ್ಯೆಯಲ್ಲ, ಮೂರು ವರ್ಷದ ಮಗುವಿಗೂ ಗೊತ್ತಿರುವ ಸಂಗತಿ. ಪೇಂಟರ್ ಮನೆಯ ಮೋಟಾರ್‌ಸೈಕಲ್ಲಿಗೆ ಮಾತ್ರ ಗೊತ್ತಿರಲಿಲ್ಲ. ಆ ಶನಿವಾರ ಬೆಳಿಗ್ಗೆ ಅದು ಅಂಗಳದ ನಡುವೆ ಮದುಮಗನ ಹಾಗೆ ಮಿರಮಿರ ಮಿಂಚುತ್ತ ನಿಂತಿತ್ತು. ಕಡುಹಸಿರು ಮೈ, ಟ್ಯಾಂಕಿನ ಅಂಚಿಗೆ ಕೂದಲೆಳೆಯಷ್ಟು ಸಣ್ಣ ಚಿನ್ನದ ಗೆರೆ. ಹಿಂದಿನ ದೀಪ ಮಾತ್ರ ಕತ್ತಲು.

ಅಡ್ರೆಸ್ಸಮ್ಮ ಬ್ರೇಕ್ ಪೆಡಲನ್ನು ಒತ್ತಿ ಒತ್ತಿ ಕಾಲು ಸೋತು ನಿಂತಿದ್ದಳು. ಅಡ್ರೆಸ್ಸಮ್ಮ ಎಂಬುದು ಅಂಚೆ ಕಚೇರಿಯವರು ಇಟ್ಟ ಹೆಸರು. ಕಚೇರಿಯ ಹಿಂಭಾಗದಲ್ಲಿ ಒಂದು ಕಿಟಕಿಯಿಲ್ಲದ ಕೋಣೆ, ಅದರ ಗೋಡೆ ತುಂಬ ಮರದ ಗೂಡುಗಳು, ಗೂಡಿಗೊಂದು ಬೀದಿ. ಮದುವೆಗೆ ಮುಂಚಿನಿಂದಲೂ ಅವಳು ಆ ಕೋಣೆಯಲ್ಲಿ ನಿಂತು ಕಾಗದಗಳನ್ನು ಗೂಡಿಗೆ ಹಾಕುತ್ತಿದ್ದಳು. ಕೋಳಿ ಕೆರೆದಂತಿರುವ ಅಕ್ಷರವಾಗಲಿ, ಮಳೆಯಲ್ಲಿ ನೆನೆದು ಮಸಿ ಇಳಿದ ವಿಳಾಸವಾಗಲಿ, ಒಮ್ಮೆ ಕಣ್ಣಾಡಿಸಿದರೆ ಸಾಕು, ಇಂಥ ಬೀದಿಯ ಇಂಥ ಮನೆ ಎಂದು ಹೇಳಿಬಿಡುವಳು. ಬೀದಿಗಳೆಲ್ಲ ಬಾಯಿಪಾಠ. ಆದರೆ ಅವುಗಳಲ್ಲಿ ಮುಕ್ಕಾಲು ಪಾಲು ಬೀದಿಗಳನ್ನು ಅವಳು ಕಣ್ಣಲ್ಲಿ ಕಂಡಿರಲಿಲ್ಲ. ಬೆಳಿಗ್ಗೆ ಕೋಣೆ, ಸಂಜೆ ಮನೆ. ಇದನ್ನು ನೆನೆದರೆ ನನಗೇ ಸಿಟ್ಟು ಬರುತ್ತದೆ, ಅವಳಿಗೆ ಬಂದಿದ್ದರೆ ತಪ್ಪೇನು?

ಈಗ ಗುಡ್ಡದ ಮೇಲಿನ ಬೀದಿಗಳಿಗೆ ಕಾಗದ ಹಂಚುತ್ತಿದ್ದ ಅಂಚೆಯವನಿಗೆ ನಿವೃತ್ತಿಯಾಗಿತ್ತು. ಆ ಏರಿಗೆ ಸೈಕಲ್ ಆಗುವುದಿಲ್ಲ, ಮೋಟಾರ್‌ಸೈಕಲ್ಲೇ ಬೇಕು. ಅವಳು ಹೋಗಿ ಕೇಳಿದಾಗ ಪೋಸ್ಟ್‌ಮಾಸ್ಟರ್ ಕನ್ನಡಕದ ಮೇಲಿಂದ ನೋಡಿ ಹೇಳಿದ್ದರು: "ಸೋಮವಾರ ಬೆಳಿಗ್ಗೆ ಲೈಸೆನ್ಸ್ ತಂದು ಈ ಮೇಜಿನ ಮೇಲಿಡಿ, ಆ ರೌಂಡು ನಿಮಗೆ. ಇಲ್ಲಾಂದ್ರೆ ಬೇರೆ ಆಫೀಸಿಂದ ಒಬ್ಬರನ್ನ ಕರೆಸ್ತೀನಿ." ಆ ಸೋಮವಾರಕ್ಕೆ ಮುಂಚೆ ಉಳಿದಿದ್ದ ಲೈಸೆನ್ಸ್ ಪರೀಕ್ಷೆಯೆಂದರೆ ಈ ಶನಿವಾರದ್ದು ಒಂದೇ. ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್ ಮೊದಲು ನೋಡುವುದು ದೀಪಗಳನ್ನು. ಒಂದು ಉರಿಯದಿದ್ದರೂ ಗಾಡಿ ವಾಪಸ್, ಗಾಡಿಯ ಜೊತೆ ಮನುಷ್ಯರೂ ವಾಪಸ್.

ತಮಾಷೆಯೆಂದರೆ ಇದೇ ಗಾಡಿಯಲ್ಲಿ ಅವಳು ಓಡಿಸುವುದನ್ನು ಕಲಿತಾಗ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಆಗ ಗಾಡಿಗೆ ಬಣ್ಣವೆಂಬುದೇ ಇರಲಿಲ್ಲ. ಮುಟ್ಟಿದರೆ ಕೈಗೆ ತುಕ್ಕು ಬರುತ್ತಿತ್ತು. "ನನ್ನ ಹೆಂಡತಿ ಪರೀಕ್ಷೆಗೆ ಹೋಗೋದು ಈ ಕರಟದ ಮೇಲಾ?" ಎಂದು ಗಂಡನಿಗೆ ರೋಷ ಬಂತು. ಅವನು ಊರಿನ ಬಾಗಿಲು, ಗೇಟು, ಕಿಟಕಿಗಳಿಗೆಲ್ಲ ಬಣ್ಣ ಬಳಿಯುವ ಪೇಂಟರ್. ಕಾಣದ ಜಾಗಕ್ಕೂ ಬಣ್ಣ ಬಿಡದವನು ಎಂದು ಹೆಸರು ಮಾಡಿದವನು. ಬಾಗಿಲಿನ ತಲೆಯ ಮೇಲೆ, ನೊಣವೂ ಕೂರದ ಕಡೆಗೂ ಅವನ ಬ್ರಶ್ ಹೋಗಿಬರುತ್ತಿತ್ತು. ಗಾಡಿಯನ್ನು ನಟ್ಟು ಬೋಲ್ಟು ಸಮೇತ ಬಿಚ್ಚಿ, ಒಂದೊಂದನ್ನೂ ಉಜ್ಜಿ, ಬಳಿದು, ಒಣಗಿಸಿ, ಮತ್ತೆ ಬಳಿದು ಜೋಡಿಸಿದ್ದ. ಜೋಡಿಸಿದ ಮೇಲೆ ಮನೆಯವರೆಲ್ಲ ಗಾಡಿಯ ಸುತ್ತ ಸುತ್ತಿ ಬಣ್ಣ ನೋಡಿದರೇ ಹೊರತು ದೀಪವನ್ನು ಯಾರೂ ನೋಡಲಿಲ್ಲ. ಶುಕ್ರವಾರ ಸಂಜೆ ಅವಳು ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದಾಗ ಎದುರುಮನೆಯ ದರ್ಜಿ, "ಗಾಡಿ ಲಕಲಕ ಅಂತಿದೆ ಕಣಮ್ಮ, ಹಿಂದಿನ ಲೈಟೊಂದು ಬಿಟ್ಟು" ಎಂದು ಹೇಳಿ ಎಲ್ಲರ ಎದೆಗೆ ಕಲ್ಲು ಹಾಕಿ ಒಳಗೆ ಹೋಗಿದ್ದ.

ಬೆಳಗಾಗುತ್ತಲೇ ಅವಳ ತಮ್ಮನಿಗೆ ಕರೆ ಹೋಯಿತು. ತಮ್ಮನಿಗೆ ರೇಡಿಯೋ ಎಂದು ಹೆಸರು. ರೇಡಿಯೋ ರಿಪೇರಿ ಮಾಡುತ್ತಾನೆ ಎಂಬುದು ಒಂದು ಕಾರಣ, ಬಾಯಿ ಮುಚ್ಚುವುದಿಲ್ಲ ಎಂಬುದು ಇನ್ನೊಂದು. ಬರುವಾಗಲೇ ಒಂದು ಚೀಲ ತುಂಬ ಸಾಮಾನು, ಬಾಯಿ ತುಂಬ ಮಾತು.

"ಬಲ್ಬ್ ಹೋಗಿರತ್ತೆ ಅಷ್ಟೇ. ಇದಕ್ಕೆ ನನ್ನನ್ನ ಕರೀಬೇಕಿತ್ತಾ ಅಕ್ಕ?"

ಬಲ್ಬ್ ಬಿಚ್ಚಿ ಬ್ಯಾಟರಿಗೆ ಹಿಡಿದ. ಒಳಗಿನ ಎರಡು ತಂತಿಗಳೂ ಜಗ್ಗನೆ ಉರಿದವು. ಒಂದು ರಾತ್ರಿ ಸದಾ ಉರಿಯುವ ಸಣ್ಣ ಬೆಳಕಿಗೆ, ಇನ್ನೊಂದು ಬ್ರೇಕಿನ ದೊಡ್ಡ ಬೆಳಕಿಗೆ.

"ಹಾಗಾದ್ರೆ ಸ್ವಿಚ್ಚು. ಪೆಡಲ್ ಹತ್ರ ಇರೋದು. ಹಳೇ ಗಾಡಿಗಳಲ್ಲಿ ಇದೇ ಕಾಟ."

ಸ್ವಿಚ್ಚು ಬದಲಾಯಿತು. ದೀಪ ಉರಿಯಲಿಲ್ಲ.

"ಹಾಗಾದ್ರೆ ವೈರು. ಭಾವ ಬಿಚ್ಚಿ ಜೋಡಿಸೋವಾಗ ಎಲ್ಲೋ ತುಂಡು ಮಾಡಿದಾರೆ."

"ನಾನು ಹೆಂಗಯ್ಯ ತುಂಡು ಮಾಡ್ತೀನಿ? ಒಂದೊಂದು ವೈರನ್ನೂ ಮಗೂನ ಎತ್ತಿಡೋ ಹಾಗೆ ಎತ್ತಿಟ್ಟಿದೀನಿ" ಎಂದು ಪೇಂಟರ್ ಕೆರಳಿದ.

ರೇಡಿಯೋ ಚೀಲದಿಂದ ಎರಡು ವೈರು ಕಟ್ಟಿದ ಪರೀಕ್ಷೆಯ ಬಲ್ಬೊಂದನ್ನು ತೆಗೆದ. ಒಂದು ವೈರನ್ನು ಎಂಜಿನ್ನಿನ ಬೋಲ್ಟಿಗೆ ಸಿಕ್ಕಿಸಿ, ಇನ್ನೊಂದರ ತುದಿಯನ್ನು ಹಿಂದಿನ ದೀಪದ ಗೂಡಿನೊಳಕ್ಕೆ ಮುಟ್ಟಿಸಿ, "ಒತ್ತು ಅಕ್ಕ" ಎಂದ. ಅವಳು ಒತ್ತಿದಳು. ಪರೀಕ್ಷೆಯ ಬಲ್ಬು ಹಲ್ಲುಕಿರಿದ ಹಾಗೆ ಹೊತ್ತಿಕೊಂಡಿತು. ಅಂದರೆ ಕರೆಂಟು ದೀಪದ ಗೂಡಿನವರೆಗೆ ಬರುತ್ತಿದೆ. ಬಲ್ಬೂ ಸರಿಯಾಗಿದೆ. ಎರಡನ್ನೂ ಸೇರಿಸಿ ಒತ್ತಿದರೆ ಕತ್ತಲು.

ಅತ್ತೆ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು. ಗಂಡ, ಹೆಂಡತಿ, ತಮ್ಮ ಮೂವರೂ ಗಾಡಿಯ ಬಾಲಕ್ಕೆ ಜೋತುಬಿದ್ದಿದ್ದರೆ, ಅವಳೊಬ್ಬಳು ಗಾಡಿಯ ಮುಖಕ್ಕೆ ಮುಖ ಕೊಟ್ಟು ಕೂತಿದ್ದಳು.

"ಮುಂದೆ ಏನೋ ಮಿಣಕ್ ಅಂತಿದೆ ಕಣ್ರೋ" ಎಂದಳು.

"ನಾವು ಹಿಂದಿಂದು ನೋಡ್ತಿದೀವಮ್ಮ" ಎಂದ ಮಗ.

"ನೀವು ಹಿಂದಿಂದು ನೋಡಿ. ನಾನು ಮುಂದೆ ಕೂತಿದೀನಿ, ಮುಂದಿಂದು ಹೇಳ್ದೆ. ಕೇಳೋರಿಗೆ ಹೇಳಬಹುದು, ಕೇಳದೋರಿಗೆ ಏನು ಹೇಳೋದು" ಎಂದು ಅತ್ತೆ ಮತ್ತೊಂದು ಬಟಾಣಿ ಕಾಯಿಯ ಹೊಟ್ಟೆ ಬಗೆದಳು.

ಅಡ್ರೆಸ್ಸಮ್ಮ ಮುಂದೆ ಬಂದಳು. ಅತ್ತೆಯ ಪಕ್ಕದಲ್ಲಿ ಬಗ್ಗಿ ನಿಂತು, "ರೀ, ಒಂದ್ಸಲ ಬ್ರೇಕ್ ಒತ್ತಿ" ಎಂದಳು. ಪೇಂಟರ್ ಒತ್ತಿದ. ಹ್ಯಾಂಡಲ್ಲಿನ ನಡುವೆ ವೇಗ ತೋರಿಸುವ ಮೀಟರಿನೊಳಗೆ ಒಂದು ಪುಟ್ಟ ದೀಪವಿತ್ತು. ರಾತ್ರಿ ಮುಳ್ಳು ಕಾಣಲೆಂದು ಇರುವ ದೀಪ ಅದು, ಬ್ರೇಕಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಅದು ನಿದ್ದೆಗಣ್ಣಿನಲ್ಲಿದ್ದ ಹಾಗೆ ಮಂದವಾಗಿ ಹೊತ್ತಿಕೊಂಡಿತು. ಬ್ರೇಕ್ ಬಿಟ್ಟರೆ ಆರಿತು. ಮತ್ತೆ ಒತ್ತಿದರೆ ಮತ್ತೆ ಹೊತ್ತಿತು.

ನೋಡಿ, ಇಲ್ಲಿ ಬೇರೆ ಯಾರಾಗಿದ್ದರೂ ತಲೆ ಕೆರೆದುಕೊಳ್ಳುತ್ತಿದ್ದರು. ಆದರೆ ಅಡ್ರೆಸ್ಸಮ್ಮನ ಬದುಕೆಲ್ಲ ಕಳೆದಿದ್ದೇ ಇಂಥದ್ದರಲ್ಲಿ. ಒಬ್ಬರಿಗೆ ಬಂದದ್ದು ಇನ್ನೊಬ್ಬರ ಮನೆ ಸೇರಿದೆ ಎಂದರೆ ಅವಳು ಕೇಳುವ ಮೊದಲ ಪ್ರಶ್ನೆ ಒಂದೇ: ಅದಕ್ಕೆ ಹೋಗಬೇಕಾದ ದಾರಿ ಎಲ್ಲಿ ಮುಚ್ಚಿದೆ?

"ಕರೆಂಟು ಬಲ್ಬಿಗೆ ಬಂತು. ಬಂದಮೇಲೆ ಎಲ್ಲಿಗೆ ಹೋಗತ್ತೆ?" ಎಂದು ತಮ್ಮನನ್ನು ಕೇಳಿದಳು.

"ಎಲ್ಲಿಗೆ ಅಂದ್ರೆ? ವಾಪಸ್ ಬ್ಯಾಟರಿಗೆ. ಅರ್ತ್ ಅಂತಾರಲ್ಲ, ಅದು."

"ಯಾವ ವೈರಲ್ಲಿ ವಾಪಸ್ ಹೋಗತ್ತೆ?"

"ವೈರು ಇಲ್ಲ ಅಕ್ಕ. ಈ ಕಾಲದ ಗಾಡಿಗಳಲ್ಲಿ ಅದಕ್ಕೊಂದು ವೈರು ಎಳೀತಾನೇ ಇರಲಿಲ್ಲ. ಗಾಡಿಯ ಮೈಯೇ ದಾರಿ. ಬಲ್ಬಿಂದ ಮಡ್‌ಗಾರ್ಡಿಗೆ, ಮಡ್‌ಗಾರ್ಡಿನ ಬೋಲ್ಟಿಂದ ಚಾಸಿಗೆ, ಅಂದ್ರೆ ಚೌಕಟ್ಟಿಗೆ, ಅಲ್ಲಿಂದ ಬ್ಯಾಟರಿಗೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದ್ರೆ ಆಯ್ತು."

"ತಾಗಿದೆಯಾ?"

ರೇಡಿಯೋ ಉತ್ತರ ಕೊಡಲು ಬಾಯಿ ತೆರೆದವನು ತೆರೆದ ಹಾಗೇ ಮಡ್‌ಗಾರ್ಡಿನ ಅಡಿಗೆ ತಲೆ ಹಾಕಿದ. ಅಕ್ಕನೂ ಹಾಕಿದಳು. ಮಡ್‌ಗಾರ್ಡು ಚಾಸಿಗೆ ಕೂರುವ ಕಡೆ ಹಸಿರು. ಬೋಲ್ಟಿನ ತಲೆ ಹಸಿರು. ವಾಷರ್ ಹಸಿರು. ದೀಪದ ಹಿಡಿಯ ಅಡಿ, ಸ್ಕ್ರೂ ಕೂರುವ ತೂತಿನ ಒಳಬದಿ, ದೇವರಿಗೂ ಕಾಣದ ಮೂಲೆಯೆಲ್ಲ ಕನ್ನಡಿಯಂಥ ಹಸಿರು. ಇಬ್ಬರೂ ತಲೆ ಹೊರಗೆ ತೆಗೆದು ಪೇಂಟರ್‌ನ ಮುಖ ನೋಡಿದರು.

"ಮೂರು ಕೋಟು" ಎಂದ ಅವನು ಹೆಮ್ಮೆಯಿಂದ. "ತೂತಿನೊಳಗೂ ಸಣ್ಣ ಬ್ರಶ್ ಹಾಕಿದೀನಿ. ಒಂದು ಗುಂಜಿಯಷ್ಟು ಕಬ್ಬಿಣ ತೋರಿಸಿ ನೋಡೋಣ. ಎಂಜಿನ್ ಒಂದನ್ನ ಬಿಟ್ಟಿದೀನಿ, ಅದೂ ಇವನು ಬಿಸಿಗೆ ಸಿಪ್ಪೆ ಏಳತ್ತೆ ಅಂದಿದ್ದಕ್ಕೆ."

ಇಬ್ಬರೂ ಅವನನ್ನೇ ನೋಡುತ್ತಿದ್ದರು. ಅವನ ನಗು ನಿಧಾನಕ್ಕೆ ಇಳಿಯಿತು. ಇಂಗು ತಿಂದ ಮಂಗನ ಹಾಗಾಯಿತು ಮುಖ. "ಅಂದ್ರೆ..." ಎಂದ.

"ಅಂದ್ರೆ ಭಾವ, ನಿಮ್ಮ ಪೇಂಟು ಅಷ್ಟು ಚೆನ್ನಾಗಿದೆ. ಕರೆಂಟಿಗೇ ದಾರಿ ಬಿಡ್ತಿಲ್ಲ. ಪಾಪ, ಅದು ಬಂದ ಬಲ್ಬಿನಲ್ಲೇ ಹಿಂದಕ್ಕೆ ತಿರುಗಿ, ಸಣ್ಣ ದೀಪದ ವೈರು ಹಿಡಿದು, ಮೀಟರಿನ ಬಲ್ಬಿನ ಬಾಗಿಲು ತಟ್ಟಿದೆ."

ಅಡ್ರೆಸ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. ಗಂಡನ ಮುಖ ನೋಡಿ ತಡೆಯಬೇಕೆಂದುಕೊಂಡಷ್ಟೂ ಉಕ್ಕಿ ಬಂತು. ಅತ್ತೆ ಮೊರ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು. ರೇಡಿಯೋ ಒಂದು ಬಿಳೀ ವೈರಿನ ತುಂಡನ್ನು ದೀಪದ ಗೂಡಿನೊಳಗೆ ಬಲ್ಬು ಕೂರುವ ಬರೀ ತಗಡಿಗೂ ಎಂಜಿನ್ನಿನ ಬೋಲ್ಟಿಗೂ ಹಿಡಿದು "ಒತ್ತಿ" ಎಂದ. ಪೇಂಟರ್ ಒತ್ತಿದ. ಹಿಂದಿನ ದೀಪ ಕೆಂಡದ ಹಾಗೆ ಉರಿಯಿತು.

"ಸರಿ, ಕಾರಣ ಸಿಕ್ತಲ್ಲ. ಬೋಲ್ಟ್ ಬಿಚ್ಚಿ ಎರಡು ಕಡೆ ಪೇಂಟ್ ಕೆರೆದುಬಿಡೋಣ" ಎಂದ ರೇಡಿಯೋ.

ಪೇಂಟರ್ ಮಡ್‌ಗಾರ್ಡಿನ ಮೇಲೆ ಸುಮ್ಮನೆ ಕೈ ಇಟ್ಟ. ಆ ಕೈ ಇಟ್ಟ ಬಗೆ ಅಡ್ರೆಸ್ಸಮ್ಮನಿಗೆ ತಾಗಿತು. ಊರಿನವರ ಬಾಗಿಲುಗಳನ್ನೆಲ್ಲ ಅಂದಗಾಣಿಸಿದವನು ತನ್ನ ಮನೆಯ ಬಾಗಿಲಿಗೆ ಎಂದೂ ಬಣ್ಣ ಬಳಿದವನಲ್ಲ, ಪುರುಸೊತ್ತು ಎಲ್ಲಿ? ಅವಳಿಗಾಗಿ ಬಳಿದದ್ದು ಇದೊಂದೇ.

"ಕೆರೆಯೋದು ಬೇಡ. ಈ ವೈರನ್ನೇ ಸುತ್ತಿ ಟೇಪ್ ಹಾಕು. ಉರೀತಲ್ಲ, ಸಾಕು" ಎಂದಳು.

"ಅಕ್ಕ, ಇದು ನೇತಾಡತ್ತೆ."

"ನೇತಾಡ್ಲಿ ಬಿಡು. ನನ್ನ ಪರೀಕ್ಷೆ ತಾನೆ?"

ಪೇಂಟರ್ ಬೇರೆ ಕಡೆ ನೋಡಿದ. ಅವನಿಗೆ ಜೀವ ಬಂದ ಹಾಗಾದದ್ದು ಅವಳಿಗೆ ಅವನ ಬೆನ್ನಿನಲ್ಲೇ ಕಂಡಿತು.

ಪರೀಕ್ಷೆಯ ಮೈದಾನದಲ್ಲಿ ಆಗಲೇ ಸಾಲು ನಿಂತಿತ್ತು. ನೆಲದ ಮೇಲೆ ಸುಣ್ಣದಲ್ಲಿ ಬರೆದ ಎಂಟರ ಆಕಾರದ ದಾರಿ, ಅದರ ಕೊನೆಗೊಂದು ಅಡ್ಡಗೆರೆ. ಇನ್‌ಸ್ಪೆಕ್ಟರ್ ಕೊಡೆಯ ನೆರಳಿನಲ್ಲಿ ನಿಂತು, ಮಾತು ಆಡಿದರೆ ಎಲ್ಲಿ ಸವೆದುಹೋಗುತ್ತದೋ ಎನ್ನುವ ಹಾಗೆ ಕೈಸನ್ನೆಯಲ್ಲೇ ಕೆಲಸ ನಡೆಸುತ್ತಿದ್ದ. ಅಡ್ರೆಸ್ಸಮ್ಮನ ಸರದಿ ಬಂತು. ಹಾರ್ನ್ ಆಯಿತು, ಮುಂದಿನ ದೀಪ ಆಯಿತು, ಹಿಂದೆ ಬಂದ, ಬ್ರೇಕ್ ದೀಪವೂ ಆಯಿತು. ಆಮೇಲೆ ಅವನು ಬಗ್ಗಿದ. ಬಗ್ಗಬಾರದಿತ್ತು, ಬಗ್ಗಿದ.

"ಇದೇನಿದು ಬಾಲ?"

"ಅರ್ತ್ ವೈರು ಸಾರ್" ಎಂದ ರೇಡಿಯೋ.

"ಚಕ್ರಕ್ಕೆ ಸುತ್ತಿಕೊಂಡ್ರೆ ಇವರು ನೆಲಕ್ಕೆ ಬೀಳ್ತಾರೆ. ಇದನ್ನ ಇಟ್ಕೊಂಡು ನಾನು ಗಾಡಿ ಬಿಡಲ್ಲ. ಕಿತ್ತಾಕಿ."

ವೈರು ಕಿತ್ತು ಬಂತು, ದೀಪ ಹೋಯಿತು.

"ಸಾಲು ಮುಗಿಯೋವರೆಗೆ ಸಮಯ ಇದೆ, ಸರಿ ಮಾಡ್ಕೊಂಡು ಬನ್ನಿ. ಇಲ್ಲಾಂದ್ರೆ ಮುಂದಿನ ಶನಿವಾರ" ಎಂದು ಅವನು ಮುಂದಿನವರಿಗೆ ಕೈಸನ್ನೆ ಮಾಡಿದ.

ಮುಂದಿನ ಶನಿವಾರ ಎಂದರೆ ಅವಳ ಪಾಲಿಗೆ ಮುಂದಿನ ಶನಿವಾರವಲ್ಲ, ಆ ಕಿಟಕಿಯಿಲ್ಲದ ಕೋಣೆ, ನಿವೃತ್ತಿಯವರೆಗೆ. ಅಡ್ರೆಸ್ಸಮ್ಮ ಗಾಡಿಯನ್ನು ಬೇವಿನ ಮರದ ಕೆಳಗೆ ತಳ್ಳಿಕೊಂಡು ಬಂದಳು. ಸಾಲಿನಲ್ಲಿ ಇನ್ನು ಕೆಲವೇ ಜನರಿದ್ದರು. ಬಣ್ಣ ಕೆರೆಯಿರಿ ಎಂದು ಹೇಳಲೇಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು, ಹೊರಗೆ ಬರಲಿಲ್ಲ.

ಹೇಳುವ ಪ್ರಮೇಯ ಬರಲೂ ಇಲ್ಲ. ತಿರುಗಿ ನೋಡುವಷ್ಟರಲ್ಲಿ ಪೇಂಟರ್ ನೆಲದ ಮೇಲೆ ಅಂಗಾತ ಮಲಗಿದ್ದ. ಹಿಂದಿನ ಜೇಬಿನಲ್ಲಿ ಸದಾ ಇರುವ, ಹಳೇ ಬಣ್ಣ ಕೆರೆಯುವ ತಗಡಿನ ಪಟ್ಟಿ ಅವನ ಕೈಯಲ್ಲಿತ್ತು.

"ಬೋಲ್ಟ್ ಬಿಚ್ಚೋಕೆ ಪಾನಾ ಕೊಡಯ್ಯ" ಎಂದ ರೇಡಿಯೋಗೆ.

"ರೀ, ಬೇಡ ಅಂದ್ರೆ..." ಎಂದಳು ಅವಳು.

"ಸುಮ್ನಿರೇ. ಊರೋರ ಬಾಗಿಲೆಲ್ಲ ಕೆರೆದೋನು ನಾನು. ನನ್ನ ಕೆಲಸದಲ್ಲಿ ಅರ್ಧ ಬಳಿಯೋದು, ಅರ್ಧ ಕೆರೆಯೋದು. ನಿನಗಿಂತ ಹೆಚ್ಚಾ ಈ ಪೇಂಟು?"

ಇಷ್ಟು ವರ್ಷದ ಸಂಸಾರದಲ್ಲಿ ಅವನು ಇಷ್ಟು ನೇರವಾಗಿ ಮಾತಾಡಿದ್ದೇ ಇಲ್ಲ. ಅದೂ ಗಾಡಿಯ ಅಡಿಯಿಂದ, ಮುಖವೂ ಕಾಣದ ಹಾಗೆ. ಅವಳಿಗೆ ಅಳು ಬಂತು, ಜೊತೆಗೆ ನಗುವೂ ಬಂತು, ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು.

ಬೋಲ್ಟ್ ಬಿಚ್ಚಿತು. ಪಟ್ಟಿ ಕರಕರ ಎಂದಿತು. ಹಸಿರು ಸಿಪ್ಪೆಗಳು ಸುರುಳಿ ಸುರುಳಿಯಾಗಿ ಅವನ ಎದೆಯ ಮೇಲೆ ಉದುರಿದವು. ಕೆಳಗೆ ಕಬ್ಬಿಣ ಬೆಳ್ಳಗೆ ಮೈ ತೋರಿತು. ಬೋಲ್ಟ್ ಬಿಗಿ ಮಾಡಿ ಅವಳು ಬ್ರೇಕ್ ಒತ್ತಿದಳು. ದೀಪ ಬಂತು, ಆದರೆ ಮಂಕು, ಜ್ವರ ಬಂದವರ ಕಣ್ಣಿನ ಹಾಗೆ. "ದೀಪದ ಹಿಡಿ, ಭಾವ, ಅದರ ಅಡಿಗೂ ಬಳಿದಿದೀರಲ್ಲ" ಎಂದ ರೇಡಿಯೋ. ಪೇಂಟರ್ ಅದನ್ನೂ ಬಿಚ್ಚಿದ. ಈಗ ಅವನಿಗೆ ಹುರುಪು ಹತ್ತಿತ್ತು. ಅಡಿಯಲ್ಲಿ ಕೆರೆದ, ಸ್ಕ್ರೂ ತೂತಿನಲ್ಲಿ ಕೆರೆದ, ವಾಷರ್ ಕೆರೆದ.

"ಸಾಕು ಭಾವ, ಹಿಂಗೇ ಬಿಟ್ರೆ ಚಿನ್ನದ ಗೆರೆವರೆಗೂ ಹೋಗ್ತೀರಿ."

ಅವಳು ಒತ್ತಿದಳು. ಮರದ ನೆರಳಿನಲ್ಲಿ ರೇಡಿಯೋನ ಮುಖ, ಅವನ ಬಿಳೀ ಅಂಗಿ ಎಲ್ಲ ಕೆಂಪಾದವು. ಹ್ಯಾಂಡಲ್ಲಿನ ಮೀಟರು ತನಗೆ ಸಂಬಂಧವೇ ಇಲ್ಲ ಎನ್ನುವ ಹಾಗೆ ಕತ್ತಲಾಗಿತ್ತು. ಸಾಲಿನ ಕೊನೆಯವನು ಎಂಟು ಹಾಕಿ ಇಳಿಯುವ ಹೊತ್ತಿಗೆ ಅವಳು ಗೆರೆಯ ಹತ್ತಿರ ನಿಂತಿದ್ದಳು.

ಇನ್‌ಸ್ಪೆಕ್ಟರ್ ಮತ್ತೆ ಬಗ್ಗಿದ, ಈ ಸಲ ಏನೂ ಸಿಗಲಿಲ್ಲ. ಕೈ ಬೀಸಿದ. ಅವಳು ಹೊರಟಳು. ಎಂಟರ ಮೊದಲ ತಿರುವಿನಲ್ಲಿ ಚಕ್ರ ಕೊಂಚ ಓಲಾಡಿತು, ಎರಡನೆಯದರಲ್ಲಿ ಗಾಡಿಯೇ ಅವಳ ಮಾತು ಕೇಳತೊಡಗಿತು. ಸುಣ್ಣದ ಗೆರೆ ಬಂದಾಗ ಬ್ರೇಕ್ ಒತ್ತಿದಳು. ಹಿಂದಿನ ದೀಪ ಉರಿಯಿತೋ ಇಲ್ಲವೋ ಅವಳಿಗೆ ಕಾಣುವ ಹಾಗಿಲ್ಲ. ತಿರುಗಿ ನೋಡಿದಳು. ಮೈತುಂಬ ಹಸಿರು ಸಿಪ್ಪೆ ಅಂಟಿಸಿಕೊಂಡ ಗಂಡ ಎರಡೂ ಕೈ ಮೇಲೆತ್ತಿ ನಿಂತಿದ್ದ. ಅಷ್ಟು ನೋಡಿದ್ದು ಸಾಕಾಯಿತು. ಇನ್‌ಸ್ಪೆಕ್ಟರ್ ಲೈಸೆನ್ಸ್ ಚೀಟಿಯ ಮೇಲೆ ಮುದ್ರೆ ಒತ್ತಿ ಕೊಡುತ್ತ, "ಪೇಂಟ್ ಯಾರು ಮಾಡಿದ್ದು? ಚೆನ್ನಾಗಿದೆ" ಎಂದ. ಆ ದಿನ ಅವನು ಕೆಲಸಕ್ಕೆ ಸಂಬಂಧಿಸದೆ ಆಡಿದ ಮಾತು ಅದೊಂದೇ ಇರಬೇಕು. ಪೇಂಟರ್‌ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ರೇಡಿಯೋ ತನ್ನ ಸೈಕಲ್ ಹತ್ತಿ ಸುದ್ದಿ ಬಿತ್ತರಿಸಲು ಮನೆಯ ಕಡೆ ಹೊರಟ. ಅಡ್ರೆಸ್ಸಮ್ಮ ಗಾಡಿಯ ಮೇಲೆ ಕೂತು ಗಂಡನಿಗೆ, "ಹತ್ತಿ" ಎಂದಳು. ಅವನು ಹಿಂದೆ ಕೂತ. ಮನೆಯ ತಿರುವು ಬಂದರೂ ಅವಳು ತಿರುಗಿಸಲಿಲ್ಲ.

"ಎಲ್ಲಿಗೇ?"

"ನನ್ನ ಬೀದಿಗಳಿಗೆ."

ಗಾಡಿ ಏರು ಹತ್ತಿತು. ಬೀದಿಯ ಹೆಸರಿನ ಹಲಗೆಗಳು ಒಂದೊಂದಾಗಿ ಬಂದವು. ಕೋಣೆಯ ಗೂಡುಗಳಾಗಿ ಮಾತ್ರ ಅವಳಿಗೆ ಗೊತ್ತಿದ್ದ ಬೀದಿಗಳು ಈಗ ಬಿಸಿಲು, ಒಣಗಲು ಹಾಕಿದ ಬಟ್ಟೆ, ಮಲಗಿದ ಬೆಕ್ಕುಗಳ ಜೊತೆ ಎದುರು ನಿಂತವು. "ಇದು ಹದಿನಾಲ್ಕು. ಇಲ್ಲಿಗೆ ಸೇನೆಯಲ್ಲಿರೋ ಮಗನ ಕಾಗದ ಬರತ್ತೆ" ಎಂದಳು. "ಈ ಗೇಟು ನಾನೇ ಬಳಿದಿದ್ದು. ಈ ಬಣ್ಣದ ಅಡಿಯಲ್ಲಿ ನೀಲಿ ಇದೆ" ಎಂದ ಅವನು ಹಿಂದಿನಿಂದ. ಅವಳಿಗೆ ಮನೆಗಳ ಜನ ಗೊತ್ತು, ಗೇಟು ಗೊತ್ತಿಲ್ಲ. ಅವನಿಗೆ ಗೇಟು ಗೊತ್ತು, ಜನ ಗೊತ್ತಿಲ್ಲ. ಬೀದಿಯುದ್ದಕ್ಕೂ ಹೀಗೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಹೋದರು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದವರಿಗೆ ಇಷ್ಟು ಮಾತು ಎಲ್ಲಿ ಅಡಗಿತ್ತೋ.

ಕೊನೆಯ ಮನೆಯ ಮುಂದೆ ಅವಳು ಗಾಡಿ ನಿಲ್ಲಿಸಿದಳು. ಗೇಟಿನ ಹತ್ತಿರ ಗಿಡಕ್ಕೆ ನೀರು ಹಾಕುತ್ತಿದ್ದ ಮುದುಕರೊಬ್ಬರು ತಲೆಯೆತ್ತಿದರು. ಹಸಿರು ಗಾಡಿಯನ್ನು ನೋಡಿ, ಹಿಂದೆ ಕೂತ ಪೇಂಟರ್‌ನನ್ನು ನೋಡಿ ಕೇಳಿದರು:

"ಹೊಸ ಪೋಸ್ಟಿನವರು ಬರ್ತಾರೆ ಅಂದಿದ್ರು. ನೀವೇನಾ?"

"ನಾನಲ್ಲ ಸ್ವಾಮಿ, ನಾನು ಸುಮ್ನೆ ಹಿಂದೆ ಕೂತೋನು" ಎಂದ ಪೇಂಟರ್. "ಪೋಸ್ಟಿನವರು ಇವರು."

ಬೇರೊಬ್ಬರ ಮುಂದೆ, ಹೊರಗಿನ ಬಿಸಿಲಿನಲ್ಲಿ, ಯಾರೋ ತನ್ನನ್ನು ಹಾಗೆ ಕರೆದದ್ದು ಅವಳಿಗೆ ಅದೇ ಮೊದಲು. ಹ್ಯಾಂಡಲ್ ಹಿಡಿದು ಬೆನ್ನು ನೇರ ಮಾಡಿ ಕೂತಳು.

"ಹೌದು" ಎಂದಳು. "ಸೋಮವಾರದಿಂದ ಬರ್ತೀನಿ. ನಿಮ್ಮ ತಂಗಿಯ ಕಾಗದ ಒಂದು ನಿನ್ನೆ ಬಂದಿದೆ, ಅದನ್ನೇ ಮೊದಲು ತರ್ತೀನಿ."